ಮೇಸ್ತ್ರಿಯ ಹರ್ನಿಯಾ ಮತ್ತು ಸಮಾಜವಾದ

ಲಾಂಡ್ರಿಯ ಮೇಸ್ತ್ರಿ ಜೀವನದಲ್ಲಿ ಹೆದರುತ್ತಿದ್ದದ್ದು ಎರಡಕ್ಕೇ: ಹೆಂಡತಿಯ ನಾಲಿಗೆಗೆ ಮತ್ತು ಸಮಾಜವಾದಕ್ಕೆ. ಮೊದಲನೆಯದರ ರುಚಿ ದಿನವೂ ಸಿಗುತ್ತಿತ್ತು. ಎರಡನೆಯದನ್ನು ಮೊಬೈಲಿನಲ್ಲಿ ಮಾತ್ರ ನೋಡಿದ್ದ, ಅದೂ ಎರಡೆರಡು ನಿಮಿಷದ ವಿಡಿಯೋಗಳಲ್ಲಿ. ಅಷ್ಟರಲ್ಲೇ ಅವನಿಗೆ ಎಲ್ಲ ಅರ್ಥವಾಗಿಹೋಗಿತ್ತು.

"ನಿನ್ನ ಹತ್ರ ಎರಡು ಚಪ್ಪಲಿ ಇದೆ ಅಂತಿಟ್ಕೋ," ಎಂದು ಅವನು ಹೋಟೆಲುಗಳಿಂದ ಬಂದ ಹಸಿ ಬೆಡ್‌ಶೀಟಿನ ಗಂಟುಗಳ ನಡುವೆ ನಿಂತು ಪಾಠ ಮಾಡುತ್ತಿದ್ದ. "ಒಂದನ್ನ ಪಕ್ಕದ್ಮನೆಯವನಿಗೆ ಕೊಟ್ಬಿಡ್ಬೇಕು. ಆಮೇಲೆ ಇಬ್ರೂ ಕುಂಟ್ಕೊಂಡು ಓಡಾಡೋದು. ಅದೇ ಸಮಾಜವಾದ!"

ದೊಡ್ಡ ಇಸ್ತ್ರಿ ಯಂತ್ರದ ಮುಂದೆ ಹದಿನೆಂಟು ವರ್ಷದಿಂದ ನಿಂತೇ ಇದ್ದ ಹೆಂಗಸನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. "ನನ್ನ ಹತ್ರ ಇರೋದೇ ಒಂದು ಜೊತೆ, ಅದ್ರಲ್ಲೂ ಒಂದು ಕಿತ್ತೋಗಿದೆ. ಅದನ್ನೇ ಕೊಡ್ತೀನಿ ಬಿಡಿ ಮೇಸ್ತ್ರಿ," ಎಂದು ಅವಳು ಹೇಳಿದರೆ ಆವಿಯ ಮಧ್ಯೆ ಎಲ್ಲರೂ ನಗುತ್ತಿದ್ದರು. ಮೇಸ್ತ್ರಿ ಮಾತ್ರ ನಗುತ್ತಿರಲಿಲ್ಲ. ದೇಶ ಹಾಳಾಗುವ ವಿಷಯದಲ್ಲಿ ಅವನಿಗೆ ತಮಾಷೆ ಹಿಡಿಸುತ್ತಿರಲಿಲ್ಲ.

ಆ ಲಾಂಡ್ರಿಯಲ್ಲಿ ವರ್ಷಕ್ಕೆ ಎಂಟು ದಿನ ರಜೆ. ಜ್ವರ ಬಂದರೂ ಅದರಲ್ಲೇ, ಅಮ್ಮ ಸತ್ತರೂ ಅದರಲ್ಲೇ. ಅದು ಮುಗಿದ ಮೇಲೆ ಒಂದು ದಿನ ತಪ್ಪಿಸಿದರೂ ಆ ಕೆಲಸ ಇನ್ನೊಬ್ಬರ ಪಾಲು. ಹಿಂದಿನ ವರ್ಷ ಕೆಲಸಗಾರರೆಲ್ಲ ಸೇರಿ, ಕಾಯಿಲೆಗೆ ಬೇರೆ ರಜೆ ಕೊಡಿ ಎಂದು ಅರ್ಜಿ ಬರೆದಾಗ ಮೇಸ್ತ್ರಿ ಅದನ್ನು ಅವರೆದುರಿಗೇ ನಾಲ್ಕು ಚೂರು ಮಾಡಿದ್ದ. "ಇವತ್ತು ರಜೆ ಕೇಳ್ತೀರಿ, ನಾಳೆ ಚಪ್ಪಲಿ ಕೇಳ್ತೀರಿ!" ಅದೇ ವರ್ಷ ಲಾಂಡ್ರಿ ನಷ್ಟದಲ್ಲಿದೆಯೆಂದು ಮಾಲೀಕರು ಗೋಳಾಡಿದ್ದಕ್ಕೆ ಸರ್ಕಾರ ಅವರ ತೆರಿಗೆ ಮನ್ನಾ ಮಾಡಿತ್ತು. ಮೇಸ್ತ್ರಿಯ ಪ್ರಕಾರ ಅದು ಸಮಾಜವಾದವಲ್ಲ, ಪ್ರೋತ್ಸಾಹ.

ಈ ವರ್ಷ ಅವನ ಹೊಟ್ಟೆ ಕೈಕೊಟ್ಟಿತು. ಮೂವತ್ತು ವರ್ಷ ಹಸಿ ಗಂಟು ಎತ್ತಿದ್ದಕ್ಕೆ ಸಿಕ್ಕ ಬಹುಮಾನ ಹರ್ನಿಯಾ. ಆಪರೇಷನ್ ಆಗಲೇಬೇಕು, ಮೂರು ವಾರ ಮನೆಯಲ್ಲಿರಬೇಕು, ತಡ ಮಾಡಿದರೆ ಕರುಳಿಗೇ ಕುತ್ತು ಎಂದರು ಡಾಕ್ಟರು. ಮೇಸ್ತ್ರಿಯ ಬಳಿ ಉಳಿದಿದ್ದದ್ದು ಎರಡು ದಿನದ ರಜೆ. ಕರುಳು ಉಳಿಸಿಕೊಳ್ಳಲೋ ಕೆಲಸ ಉಳಿಸಿಕೊಳ್ಳಲೋ ಎಂದು ಒದ್ದಾಡುತ್ತ, ಹೊಟ್ಟೆ ಹಿಡಿದುಕೊಂಡೇ ಆಫೀಸಿನ ಮೇಡಂ ಮುಂದೆ ಹೋಗಿ ನಿಂತ.

ಕೆಲಸಗಾರರ ಯೋಗಕ್ಷೇಮಕ್ಕೆಂದೇ ಕಂಪನಿ ನೇಮಿಸಿದ್ದ ಮೇಡಂ ಅವರು. ಎಂಥ ಕೆಟ್ಟ ಸುದ್ದಿಯನ್ನೂ ನಗುನಗುತ್ತ ಹೇಳುವುದಕ್ಕೆ ಅವರಿಗೆ ಸಂಬಳ.

"ಯಾಕೆ ಚಿಂತೆ? ನಾವೆಲ್ಲ ಒಂದೇ ಕುಟುಂಬ," ಎಂದರು. "ನಮ್ಮಲ್ಲಿ ಪ್ರೀತಿ ಪೆಟ್ಟಿಗೆ ಅಂತ ಯೋಜನೆ ಇದೆ. ನಿಮ್ಮ ಜೊತೆ ಕೆಲಸ ಮಾಡೋರು ಅವರವರ ರಜೇನ ಚೀಟೀಲಿ ಬರೆದು ಹಾಕಬಹುದು. ಒಂದು ಚೀಟಿಗೆ ಒಂದು ದಿನ. ಎಲ್ಲಾ ನಿಮಗೇ."

"ಕಂಪನಿ ಎಷ್ಟು ದಿನ ಹಾಕತ್ತೆ ಮೇಡಂ?"

"ಕಂಪನಿ ಪೆಟ್ಟಿಗೆ ಕೊಡತ್ತೆ."

ಮೇಸ್ತ್ರಿ ತಲೆ ಕೆರೆದುಕೊಂಡ. "ಇದು ಒಂಥರಾ... ಸಮಾಜವಾದ ಅಲ್ವಾ ಮೇಡಂ?"

"ಛೆ ಛೆ! ಅವರು ಕೊಟ್ರೆ ಪ್ರೀತಿ. ನಾವು ಕೊಟ್ರೆ ಸಮಾಜವಾದ."

ಮೇಸ್ತ್ರಿಗೆ ಎಷ್ಟೋ ಹಗುರವಾಯಿತು. ತತ್ವ ಕೆಡದೆ ಕರುಳು ಉಳಿಯುವುದಾದರೆ ಯಾರಿಗೆ ಬೇಡ?

ಹಾಜರಿ ಯಂತ್ರದ ಪಕ್ಕ ಒಂದು ರಟ್ಟಿನ ಪೆಟ್ಟಿಗೆ ಬಂದು ಕೂತಿತು. ಮೂರು ದಿನ ಮೇಸ್ತ್ರಿ ಏನೋ ನೆಪ ಮಾಡಿಕೊಂಡು ಅದರ ಸುತ್ತಲೇ ಸುಳಿದಾಡಿದ. ಯಾರೂ ಹಾಕುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ತಾನಾಗಿದ್ದರೆ ಹಾಕುತ್ತಿರಲಿಲ್ಲ ಎನ್ನುವುದೇ ಅದಕ್ಕೆ ಆಧಾರ. ಮನೆಯಲ್ಲಿ ತುತ್ತು ಇಳಿಯಲಿಲ್ಲ. "ಅವರ ಅರ್ಜಿ ಹರಿಯೋವಾಗ ಹೊಟ್ಟೆ ನೋವಿರ್ಲಿಲ್ಲ ಅಲ್ವಾ?" ಎಂದು ಹೆಂಡತಿ ಬೇರೆ ತಿವಿದಳು.

ನಾಲ್ಕನೆಯ ದಿನ ಪೆಟ್ಟಿಗೆ ತೆರೆದರೆ ಒಳಗೆ ಹತ್ತೊಂಬತ್ತು ಚೀಟಿ. ಅವನ ಎರಡು ದಿನ ಸೇರಿದರೆ ಸರಿಯಾಗಿ ಮೂರು ವಾರ. ಮೂರು ಚೀಟಿಗಳಲ್ಲಿ ಇಸ್ತ್ರಿ ಅಕ್ಕನ ಸೊಟ್ಟ ಅಕ್ಷರ. ಮೇಸ್ತ್ರಿ ಆ ಚೀಟಿಗಳನ್ನು ಹಿಡಿದುಕೊಂಡೇ ಅವಳ ಯಂತ್ರದ ಬಳಿಗೆ ಹೋದ.

"ನೀನ್ಯಾಕಮ್ಮಾ ಹಾಕಿದೆ?"

"ನೀವು ಹೊಟ್ಟೆ ಹಿಡ್ಕೊಂಡು ನಡೆಯೋದು ನೋಡಕ್ಕಾಗಲ್ಲ ಅಣ್ಣಾ. ಹೋಗಿ ಹೊಲಿಸ್ಕೊಂಡು ಬನ್ನಿ."

ಫೋಟೋಗೆ ಮಾಲೀಕರೇ ಬಂದರು. ಪೆಟ್ಟಿಗೆಯನ್ನು ಎದೆಗವಚಿಕೊಂಡು, "ಇಂಥ ಔದಾರ್ಯ ನಮ್ಮ ಕಂಪನಿಯಲ್ಲಿ ಮಾತ್ರ," ಎಂದು ಕಣ್ಣೊರೆಸಿಕೊಂಡು, ಅಲ್ಲಿಂದ ಹಾಗೇ ವಿಮಾನ ಹತ್ತಿ ಒಂದು ತಿಂಗಳ ವಿಶ್ರಾಂತಿಗೆ ಹೋದರು. ಅವರ ರಜೆಗೆ ಯಾರೂ ಚೀಟಿ ಹಾಕಬೇಕಾಗಿರಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಮೂರು ವಾರ ಮೇಸ್ತ್ರಿ ಮಲಗಿದಲ್ಲೇ ಮೊಬೈಲು ನೋಡಿ, ಸಮಾಜವಾದದ ಬಗ್ಗೆ ಇನ್ನಷ್ಟು ತಿಳಿದುಕೊಂಡು ಕೆಲಸಕ್ಕೆ ವಾಪಸಾದ. ಬಂದ ದಿನವೇ ಮೇಡಂ ಒಂದು ನೋಟೀಸು ಕೈಗಿತ್ತರು. "ಎಂದಿನ ಹಾಗೆ ನೀವೇ ಓದಿಬಿಡಿ."

ಯಂತ್ರಗಳನ್ನು ನಿಲ್ಲಿಸಿ ಎಲ್ಲರೂ ಸುತ್ತ ಸೇರಿದರು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ಓದಿದ: "ನಮ್ಮ ಕುಟುಂಬದ ಸದಸ್ಯರು ಹತ್ತೊಂಬತ್ತು ದಿನಗಳ ರಜೆಯನ್ನು ಸಂತೋಷದಿಂದ ಬಿಟ್ಟುಕೊಟ್ಟಿದ್ದಾರೆ. ಇದರಿಂದ, ಈಗಿರುವ ರಜೆ ಅಗತ್ಯಕ್ಕಿಂತ ಹೆಚ್ಚಾಗಿದೆ ಎಂಬುದು ಆಡಳಿತಕ್ಕೆ ಮನವರಿಕೆಯಾಗಿದೆ. ಬರುವ ವರ್ಷದಿಂದ ರಜೆ ಐದು ದಿನ."

ಎಲ್ಲರ ಕಣ್ಣೂ ಅವನ ಹೊಟ್ಟೆಯ ಮೇಲೆ. ಮೇಸ್ತ್ರಿ ಬೆವತುಹೋದ. ಏನಾದರೂ ಹೇಳಲೇಬೇಕಿತ್ತು, ಹಾಗಾಗಿ ಗೊತ್ತಿದ್ದದ್ದನ್ನೇ ಹೇಳಿದ.

"ನೋಡಿದ್ರಾ? ಹಂಚ್ಕೊಂಡ್ರೆ ಹೀಗೇ ಆಗೋದು. ಇದೇ ಸಮಾಜವಾದ."

"ಮೇಸ್ತ್ರಿ!" ಎಂದು ಬಟ್ಟೆ ಮಡಿಸುವವನೊಬ್ಬ ಹಿಂದಿನಿಂದ ಕೂಗಿದ. "ಬರೋ ವಾರ ಇಸ್ತ್ರಿ ಅಕ್ಕನ ಮಗಳ ಹೆರಿಗೆ. ಅದಕ್ಕೆ ಅಂತ ಇಟ್ಕೊಂಡಿದ್ದ ಮೂರು ದಿನಾನ ನಿಮ್ಮ ಹೊಟ್ಟೆಗೆ ಹಾಕಿದ್ದಾಳೆ, ಗೊತ್ತಾ?"

"ನೀನು ಸುಮ್ನಿರಪ್ಪ," ಎಂದಳು ಇಸ್ತ್ರಿ ಅಕ್ಕ.

ಮೇಸ್ತ್ರಿಗೆ ಅವಳ ಮುಖ ನೋಡಲಾಗಲಿಲ್ಲ. ಆಡಿದ ಮಾತಿಗೆ ಅವನಿಗೆ ನಾಚಿಕೆಯಾಯಿತು, ಭೂಮಿ ಬಾಯಿಬಿಡಬಾರದೇ ಅನ್ನಿಸುವಷ್ಟು. ಏನು ಮಾಡಲೂ ತೋಚದೆ, ಕಾಲ ಬಳಿ ಬಿದ್ದಿದ್ದ ಹಸಿ ಗಂಟೊಂದಕ್ಕೆ ಕೈ ಹಾಕಿದ. ಅಕ್ಕ ಬಂದವಳೇ ಅದನ್ನು ಅವನ ಕೈಯಿಂದ ಬಿಡಿಸಿಕೊಂಡು ತನ್ನ ಸೊಂಟಕ್ಕೆ ಏರಿಸಿಕೊಂಡಳು.

"ಭಾರ ಎತ್ಬೇಡಿ ಅಂದಿಲ್ವಾ ಡಾಕ್ಟರು? ಹೊಲಿಗೆ ಬಿಟ್ಕೊಂಡ್ರೆ, ಈ ಸಲ ಪೆಟ್ಟಿಗೆಗೆ ಹಾಕೋಕೆ ನಮ್ಮ ಹತ್ರ ಏನೂ ಇಲ್ಲ."