ಬೆನ್ನಿಳಿಯದ ತಂಗಿ

ಆ ಬೆಟ್ಟವನ್ನು ನಾನು ಹತ್ತಿದ್ದು ನನ್ನ ಕಾಲಿನಿಂದಲೇ. ಒಂದು ಕಾಲು ದೇವರದು, ಇನ್ನೊಂದು ಕಮ್ಮಾರನದು ಎಂದು ಅಜ್ಜಿ ನಗುತ್ತಿದ್ದಳು. ಎಡಗಾಲಿಗೆ ತೊಡೆಯಿಂದ ಪಾದದವರೆಗೆ ಆಸರೆಗೆ ಬಿಗಿದ ಕಬ್ಬಿಣದ ಕ್ಯಾಲಿಪರ್, ಬಲಗೈಯಲ್ಲಿ ಊರುಗೋಲು. ಹಿಡಿಯಲು ಕೈ ಬಿಡುವಿಲ್ಲದ್ದರಿಂದ ಕ್ಯಾಮೆರಾವನ್ನು ಎದೆಗೇ ಪಟ್ಟಿಯಿಂದ ಬಿಗಿದುಕೊಳ್ಳುತ್ತೇನೆ. ನಾನು ಹೆಜ್ಜೆ ಹಾಕಿದಂತೆಲ್ಲ ಅದು ಎಡಕ್ಕೆ ಬಾಗಿ ಮೇಲೇಳುತ್ತದೆ. ಹಾಗಾಗಿ ನನ್ನ ವಿಡಿಯೋಗಳಲ್ಲಿ ಬೆಟ್ಟಗಳು ಯಾರೋ ತೊಟ್ಟಿಲು ತೂಗಿದಂತೆ ತೂಗುತ್ತಿರುತ್ತವೆ. ನೋಡುವವರಿಗೆ ಅದೇ ಇಷ್ಟವಾಗಿತ್ತು.

ಅವನ್ನು ಕತ್ತರಿಸಿ ಜೋಡಿಸುತ್ತಿದ್ದವನು ದೊಡ್ಡಪ್ಪನ ಮಗ. ನನಗೆ ಒಡಹುಟ್ಟಿದವರಿಲ್ಲ, ಅವನೇ ಅಣ್ಣ. ಅವನ ಮನೆಯ ಮಹಡಿಯ ಕೋಣೆಯಲ್ಲಿ, ಸದ್ದು ಒಳಬರದಂತೆ ಹಳೆಯ ಹಾಸಿಗೆಗಳನ್ನು ಗೋಡೆಗೆ ಒರಗಿಸಿಕೊಂಡು, ನಾವಿಬ್ಬರೂ ಎಷ್ಟೋ ಮಧ್ಯಾಹ್ನಗಳನ್ನು ಕಳೆದಿದ್ದೆವು.

ಕಳೆದ ವರ್ಷ ಮೂರು ದಿನದ ದೊಡ್ಡ ಚಾರಣಕ್ಕೆ ಹೋದೆವು. ಮೊದಲ ದಿನ ಹಳ್ಳವೊಂದು ಅಡ್ಡ ಬಂತು. ನೀರು ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಅಣ್ಣ ನನ್ನನ್ನು ಬೆನ್ನಿಗೇರಿಸಿಕೊಂಡು ಆಚೆ ದಡಕ್ಕೆ ಬಿಟ್ಟ. ಒಟ್ಟು ಇಪ್ಪತ್ತು ಹೆಜ್ಜೆ; ದಡದಲ್ಲಿ ಟ್ರೈಪಾಡಿನ ಮೇಲಿಟ್ಟಿದ್ದ ಅವನ ಕ್ಯಾಮೆರಾ ಅದನ್ನು ಹಿಡಿದಿತ್ತು. ಮೂರನೆಯ ದಿನ ಅವನು ಹೊಟ್ಟೆ ಕೆಟ್ಟು ಡೇರೆಯಲ್ಲೇ ಮಲಗಿದ. ಬಂಡೆಗಳ ಮೇಲೆ ಬಳಿದಿದ್ದ ಬಿಳಿ ಬಣ್ಣದ ಗುರುತು ಹಿಡಿದು ನಾನೊಬ್ಬಳೇ ಹೊರಟೆ. ಹತ್ತಲು ಆರು ಗಂಟೆ, ಇಳಿಯಲು ಐದು. ಕೊನೆಯ ಏರಿನಲ್ಲಿ ಊರುಗೋಲನ್ನು ಮೇಲಕ್ಕೆಸೆದು, ಕೂತು, ಹಿಮ್ಮುಖವಾಗಿ ಒಂದೊಂದೇ ಕಲ್ಲು ಏರಿದೆ. ಶಿಖರದಲ್ಲಿ ಮೋಡ ನನ್ನ ಮೊಣಕಾಲಿನ ಕೆಳಗಿತ್ತು. ಅಜ್ಜಿಯ ಕಥೆಗಳಲ್ಲಿ ಏಳು ಸಮುದ್ರ ದಾಟಿದ ಮೇಲೆ ಸಿಗುವ ಜಾಗ ಇದೇ ಇರಬೇಕು ಅನ್ನಿಸಿತು. ಸಂಜೆ ಡೇರೆಗೆ ಮರಳಿದಾಗ ಅಣ್ಣ ಬಿಸ್ಕತ್ತು ತಿನ್ನುತ್ತ ಕೂತಿದ್ದ. ಎಲ್ಲ ಸರಿಯಾಗಿ ಬಂತಾ ಎಂದು ಕೇಳಿ ಕ್ಯಾಮೆರಾದ ಕಾರ್ಡು ಇಸಿದುಕೊಂಡ.

ಎರಡು ತಿಂಗಳ ಮೇಲೆ, ನನಗೆ ತೋರಿಸದೆ, ತನ್ನ ಹೆಸರಿನಲ್ಲಿ ಚಿತ್ರ ಬಿಡುಗಡೆ ಮಾಡಿದ: ‘ತಂಗಿಯನ್ನು ಹೊತ್ತು ಶಿಖರಕ್ಕೆ’. ಹಳ್ಳದ ಇಪ್ಪತ್ತು ಹೆಜ್ಜೆಯನ್ನು ನಿಧಾನಗೊಳಿಸಿ, ಪಿಟೀಲು ಬೆರೆಸಿ, ನಾಲ್ಕು ಕಡೆ ತುರುಕಿದ್ದ. ನಾನು ತೆಗೆದ ಶಿಖರದ ದೃಶ್ಯಗಳೆಲ್ಲ ಅವನು ನನ್ನನ್ನು ಹೊತ್ತುಕೊಂಡೇ ತೆಗೆದವು ಎಂದಾಗಿದ್ದವು. ಅವುಗಳಲ್ಲಿ ತೂಗಾಟವೇ ಇರಲಿಲ್ಲ. ನನ್ನ ಕುಂಟು ನಡಿಗೆಗೆ ಕಂಪ್ಯೂಟರಿನಲ್ಲಿ ಇಸ್ತ್ರಿ ಹೊಡೆದಿದ್ದ. ತಂಗಿಯನ್ನು ಹೊತ್ತಿದ್ದರೂ ಕೈ ಎಷ್ಟು ಸ್ಥಿರ ಎಂದು ಜನ ಹೊಗಳಿದ್ದರು.

ಕೇಳಲು ಹೋದೆ. ಅವನು ಕುರ್ಚಿ ಕೂಡ ತಿರುಗಿಸಲಿಲ್ಲ.

“ನೋಡು ಪುಟ್ಟಿ, ನೀನು ಹತ್ತಿದೆ ಅಂದ್ರೆ ಜನ ಚಪ್ಪಾಳೆ ತಟ್ಟಿ ಸುಮ್ಮನಾಗ್ತಾರೆ. ನಾನು ಹೊತ್ತೆ ಅಂದ್ರೆ ಅಳ್ತಾರೆ. ಅತ್ತೋರೇ ನಾಲ್ಕು ಜನಕ್ಕೆ ಕಳಿಸೋದು.”

ಕಾರ್ಡು ಕೇಳಿದೆ. ಜಾಗ ಬೇಕಿತ್ತು, ಅಳಿಸಿದೆ ಎಂದ. ಹನ್ನೊಂದು ಗಂಟೆಯ ನನ್ನ ಬೆಟ್ಟ ಹಾಗೆ ಹೋಯಿತು. ಇನ್ನು ಅದು ನನ್ನದೆಂದು ಹೇಳಬಲ್ಲವನು ಲೋಕದಲ್ಲಿ ಒಬ್ಬನೇ ಉಳಿದ, ಆ ಒಬ್ಬ ಇವನು.

ಆಮೇಲೆ ಔಷಧಿ ಅಂಗಡಿಯಲ್ಲಿ, ಬಸ್ಸಿನಲ್ಲಿ ಜನ ಗುರುತು ಹಿಡಿಯತೊಡಗಿದರು. “ಆ ಅಣ್ಣ ಹೊತ್ತಿದ್ದ ಹುಡುಗಿ ನೀವೇ ಅಲ್ವಾ? ಪುಣ್ಯ ಮಾಡಿದ್ರಿ ಬಿಡಿ.” ನಾನು ನಗುತ್ತಿದ್ದೆ. ಒಳಗೆ ಹೊಟ್ಟೆಯಲ್ಲಿ ಕೆಂಡ ಹೊತ್ತಿಕೊಂಡಿತ್ತು. ಅದು ಆರದಂತೆ ದಿನಾ ಊದುತ್ತಿದ್ದೆ.

ಅಜ್ಜಿ ಹೇಳುತ್ತಿದ್ದ ಕಥೆಯೊಂದಿತ್ತು. ದಾರಿಹೋಕನೊಬ್ಬ ಊರೂರಿನಲ್ಲಿ, ಮುದುಕಿಯೊಬ್ಬಳನ್ನು ಕಾಡು ದಾಟಿಸಿದೆ ಎಂದು ಸುಳ್ಳು ಹೇಳಿ ಊಟ ಗಿಟ್ಟಿಸುತ್ತಿದ್ದ. ಒಂದು ದಿನ ನಿಜವಾಗಿಯೂ ಮುದುಕಿಯೊಬ್ಬಳು ಎದುರಾಗಿ, ಹೊತ್ತುಕೋ ಎಂದಳು. ಹೊತ್ತ. ಉಂಡ ಒಂದೊಂದು ತುತ್ತಿಗೂ ಅವಳ ತೂಕ ಒಂದೊಂದು ಕಲ್ಲಿನಷ್ಟು ಹೆಚ್ಚುತ್ತ ಹೋಯಿತು. ಆಮೇಲೆ ಏನಾಯ್ತಜ್ಜಿ ಎಂದರೆ, ಇನ್ನೂ ನಡೀತಾನೇ ಇದ್ದಾನೆ ಕಂದ, ಮಲಕ್ಕೋ ಎನ್ನುತ್ತಿದ್ದಳು.

ಚಾರಣದ ಸಾಮಾನು ಮಾರುವ ಅಂಗಡಿಯೊಂದು ನಮ್ಮಿಬ್ಬರನ್ನೂ ಕರೆಯಿತು. ಊರ ಹೊರಗಿನ ಗುಡ್ಡಕ್ಕೆ ಮುನ್ನೂರ ಹನ್ನೆರಡು ಮೆಟ್ಟಿಲು. ಚಾರಣಿಗರ ಜೊತೆ ಹತ್ತುವುದು, ನೇರಪ್ರಸಾರ. ಅಣ್ಣ ಕೊನೆಯ ಹತ್ತು ಮೆಟ್ಟಿಲು ನನ್ನನ್ನು ಹೊರುತ್ತಾನೆ ಎಂದು ಮಾತಾಗಿತ್ತು. ನಾನು ಒಪ್ಪಿದೆ. ಪ್ರಸಾರ ನನ್ನ ಚಾನೆಲ್‌ನಲ್ಲೇ ಆಗಬೇಕು ಎಂಬುದೊಂದೇ ನನ್ನ ಷರತ್ತು. ಕೋಪ ಇಳಿಯಿತಲ್ಲ ಸದ್ಯ ಎಂದು ಅಣ್ಣನಿಗೆ ಖುಷಿಯಾಯಿತು.

ಬೆಳಿಗ್ಗೆ ಗುಡ್ಡದ ಬುಡದಲ್ಲಿ ನೂರು ಜನ ಸೇರಿದ್ದರು. ನಮ್ಮಿಬ್ಬರ ಕೊರಳಪಟ್ಟಿಗೂ ಮೈಕು ಸಿಕ್ಕಿಸಿದರು. ಅಂಗಡಿಯ ಕ್ಯಾಮೆರಾದವಳು ಕೈ ಎತ್ತಿ ಶುರು ಎಂದ ಕೂಡಲೇ ನಾನೇ ಮೊದಲು ಮಾತಾಡಿದೆ: “ನಮ್ಮಣ್ಣ ಇವತ್ತು ಬುಡದಿಂದ ತುದಿವರೆಗೂ ಹೊತ್ಕೊಂಡೇ ಹೋಗ್ತಾನಂತೆ. ಅಷ್ಟು ದೊಡ್ಡ ಬೆಟ್ಟಕ್ಕೇ ಹೊತ್ತವನಿಗೆ ಇದ್ಯಾವ ಲೆಕ್ಕ?”

ಚಪ್ಪಾಳೆಯೋ ಚಪ್ಪಾಳೆ. ಅಣ್ಣ ನನ್ನ ಮುಖ ನೋಡಿದ. ನಾನು ತಂಗಿಯಂತೆ ನಕ್ಕೆ. ಅವನು ಬೆನ್ನು ಬಗ್ಗಿಸಿದ.

ನನ್ನ ಬ್ಯಾಗಿನಲ್ಲಿ ಎರಡು ಬಾಟಲಿ ನೀರು, ಟ್ರೈಪಾಡು, ಬ್ಯಾಟರಿಗಳು. ಕಾಲಿನಲ್ಲಿ ಕಬ್ಬಿಣ. ಊರುಗೋಲನ್ನು ಅವನ ಎದೆಗೆ ಅಡ್ಡಲಾಗಿ ಕಡಿವಾಣದಂತೆ ಹಿಡಿದು ಮೆಟ್ಟಿಲು ಎಣಿಸತೊಡಗಿದೆ, ಮೈಕಿಗೆ ಕೇಳುವ ಹಾಗೆ. ಐವತ್ತಕ್ಕೆ ಅವನ ಅಂಗಿ ಒದ್ದೆಯಾಯಿತು. ತೊಂಬತ್ತಕ್ಕೆ ಕುತ್ತಿಗೆಯ ನರ ಉಬ್ಬಿತು. ನೂರ ಹದಿನೆಂಟಕ್ಕೆ ನಿಂತು, ಮೈಕನ್ನು ಕೈಯಲ್ಲಿ ಮುಚ್ಚಿಕೊಂಡು ಪಿಸುಗುಟ್ಟಿದ.

“ಇಳಿ ಪುಟ್ಟಿ. ಸೊಂಟ ಹೋಗತ್ತೆ.”

ನಾನು ಗಟ್ಟಿಯಾಗಿ ಹೇಳಿದೆ: “ಅವತ್ತೂ ಹೀಗೇ ದಣಿದಿದ್ದೆ ಅಲ್ವಾ ಅಣ್ಣ? ಎಲ್ಲಿ ಕೂತು ಸುಧಾರಿಸ್ಕೊಂಡ್ವಿ, ಇವರಿಗೂ ಹೇಳು.”

ಅವನಿಗೆ ಉಸಿರಿಗೇ ಬರ. ಯೋಚಿಸಲು ಎಲ್ಲಿಂದ ಬಂದೀತು. “ತುದಿ ಹತ್ತಿರ... ಒಂದು ಮರ ಇತ್ತಲ್ಲ, ಅದರ ನೆರಳಲ್ಲಿ.”

ಹಿಂದಿನಿಂದ ಯಾರೋ ನಕ್ಕರು. ಆ ಬೆಟ್ಟ ಹತ್ತಿದವರು ಗುಂಪಿನಲ್ಲಿ ಏಳೆಂಟು ಜನರಾದರೂ ಇದ್ದರು. ಡೇರೆಯ ಜಾಗ ದಾಟಿದರೆ ಅಲ್ಲಿ ಹುಲ್ಲೂ ಬೆಳೆಯುವುದಿಲ್ಲ. ನನ್ನ ದೃಶ್ಯಗಳಲ್ಲಿ ಅವನು ಅದನ್ನು ನೋಡಿದ್ದ, ಆದರೆ ಡೇರೆ ದಾಟದವನಿಗೆ ಆ ಗಳಿಗೆಯಲ್ಲಿ ನೆನಪಾಗಲಿಲ್ಲ, ಅಷ್ಟೆ.

“ಯಾವ ಮರ ಸ್ವಾಮಿ?” ಎಂದು ಕೇಳಿದರು ಒಬ್ಬ ನಡುವಯಸ್ಸಿನ ಚಾರಣಿಗರು, ತುಂಬ ಮರ್ಯಾದೆಯಿಂದ. “ನಾವು ಹೋದಾಗ ಬರೀ ಬಂಡೆ ಇತ್ತು.”

ಅಣ್ಣ ಮುಂದಿನ ಮೆಟ್ಟಿಲಿಗೆ ಕಾಲಿಟ್ಟ. ನಾನು ಎಣಿಸಿದೆ. ನೂರ ಐವತ್ತೊಂದರಲ್ಲಿ ಅವನ ಮೊಣಕಾಲು ಕಲ್ಲಿಗೆ ತಾಗಿತು. ಇಳಿಯಬಹುದಿತ್ತು. ಇಳಿಯಲಿಲ್ಲ.

“ನಾನು ಹೋಗೇ ಇರ್ಲಿಲ್ಲ,” ಎಂದ ಅವನು, ನೆಲ ನೋಡುತ್ತ. “ಡೇರೆಯಲ್ಲಿ ಮಲಗಿದ್ದೆ. ಇವಳೇ ಹತ್ತಿದ್ದು. ಒಬ್ಬಳೇ.”

ನಾನು ಅವನ ಕಿವಿಯ ಹತ್ತಿರ ಬಾಗಿದೆ. “ಉಸಿರಿನ ಸದ್ದೇ ಜಾಸ್ತಿ ಬಂತು ಅಣ್ಣ. ಇನ್ನೊಂದು ಸಲ.”

ಇನ್ನೊಂದು ಸಲ ಹೇಳಿದ. ಆಗ ಇಳಿದೆ. ಉಳಿದ ನೂರ ಅರವತ್ತೊಂದು ಮೆಟ್ಟಿಲನ್ನು ನಾನೇ ಹತ್ತಿದೆ. ಕ್ಯಾಮೆರಾದವಳು ಹಿಮ್ಮುಖವಾಗಿ ನನ್ನ ಮುಂದೆ ನಡೆದಳು, ಗುಂಪು ನನ್ನ ಹಿಂದೆ ಬಂತು. ಅವನು ಅಲ್ಲೇ ಕೂತಿದ್ದ.

ಮಧ್ಯಾಹ್ನ ದೊಡ್ಡಮ್ಮ ಫೋನ್ ಮಾಡಿದರು. ಚಿಕ್ಕಂದಿನಲ್ಲಿ ನನ್ನ ಕ್ಯಾಲಿಪರಿನ ಪಟ್ಟಿಗಳನ್ನು ಬಿಗಿದು ಶಾಲೆಗೆ ಕಳಿಸಿದವರು ಅವರೇ. ಅವನು ಊಟಕ್ಕೆ ಏಳುತ್ತಿಲ್ಲ, ಬೀದಿಯವರೆಲ್ಲ ಆ ವಿಡಿಯೋ ನೋಡಿ ನಗುತ್ತಿದ್ದಾರೆ, ತನಗೋಸ್ಕರ ಅಳಿಸಿಬಿಡಬೇಕು ಎಂದರು. ಅವನು ತನ್ನ ಚಿತ್ರ ಅಳಿಸಿದರೆ ನಾನೂ ಇದನ್ನು ಅಳಿಸುತ್ತೇನೆ ಎಂದೆ. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು.

ನಾಲ್ಕು ಗಂಟೆಗೆ ಅವನ ಚಿತ್ರ ಕಾಣೆಯಾಯಿತು. ಕ್ಯಾಲಿಪರು ಬಿಚ್ಚಿ, ಊದಿಕೊಂಡ ಕಾಲನ್ನು ದಿಂಬಿನ ಮೇಲಿಟ್ಟು, ನನ್ನದನ್ನು ಅಳಿಸಲೆಂದೇ ತೆರೆದೆ. ಅಳಿಸುವ ಮುಂಚೆ ಒಮ್ಮೆ ನೋಡೋಣ ಎಂದುಕೊಂಡೆ. ಅವನು ಎರಡನೆಯ ಸಲ ಹೇಳುವ ಜಾಗ ಬಂತು. ಹಿಂದಕ್ಕೆ ಸರಿಸಿ ಮತ್ತೆ ಕೇಳಿದೆ. ದೊಡ್ಡಮ್ಮನ ಫೋನ್ ಬಂತು. ಎತ್ತಲಿಲ್ಲ. ಅದು ಹೊಡೆದುಕೊಂಡು ಸುಮ್ಮನಾಗುವವರೆಗೆ ಕಾದು, ಮತ್ತೆ ಹಿಂದಕ್ಕೆ ಸರಿಸಿದೆ.