ಮಲಗಿಕೊಂಡೇ ಬಸ್ಸು ಓಡಿಸಿದವನು

ನನ್ನ ಅಳಿಯ ದುರ್ಗೇಶ್ ಶ್ರೀರಾಂಪುರದಿಂದ ಹೊಸದುರ್ಗಕ್ಕೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಒಂದು ಶ್ರಾವಣ ಸೋಮವಾರ ಹೊಸದುರ್ಗದಲ್ಲಿ ಬಸ್ಸಿನಿಂದ ಇಳಿದವನೇ ಕಣ್ಣುಕತ್ತಲೆ ಬಂದು ಬಿದ್ದ. ಮೂರ್ಛೆ ರೋಗ ಅಂತ ನೋಡಿದವರು ಹಬ್ಬಿಸಿಬಿಟ್ಟರು. ಮಾಲೀಕ ಒಳ್ಳೆಯವನೇ, ಆದರೂ ಡಾಕ್ಟರು ಆ ರೋಗ ಇಲ್ಲ ಅನ್ನುವ ತನಕ ಸ್ಟೇರಿಂಗ್ ಮುಟ್ಟಬೇಡ ಅಂದ. ದುರ್ಗೇಶನಿಗೆ ಬೇರೆ ಕೆಲಸ ಬರದು, ಬೇಕಾಗಿಯೂ ಇಲ್ಲ. ಅವನನ್ನು ಕರೆದುಕೊಂಡು ನಾನೂ ಮಗಳು ಹೇಮಾವತಿಯೂ ಚಿತ್ರದುರ್ಗಕ್ಕೆ ಹೋದೆವು.

ಡಾಕ್ಟರು ಸಕ್ಕರೆ, ಎದೆ ಎಲ್ಲ ನೋಡಿ, ಕೊನೆಗೆ ಮೆದುಳಿನ ಅಲೆ ತೆಗೆಯುವ ಕೋಣೆಗೆ ಕಳಿಸಿದರು. ಅಲ್ಲಿ ಸುಚಿತ್ರಾ ಅಂತ ಹೊಳಲ್ಕೆರೆ ಕಡೆಯ ಹೆಣ್ಣುಮಗಳು. ಅಳಿಯನ ತಲೆಗೆಲ್ಲ ಅಂಟು ಹಚ್ಚಿ, ವೈರು ಕೂರಿಸಿ, ಕಣ್ಣು ಮುಚ್ಚಿ ಸುಮ್ಮನೆ ಮಲಗಲು ಹೇಳಿದಳು. ಕಂಪ್ಯೂಟರಿನಲ್ಲಿ ಕೂರಿಗೆ ಸಾಲಿನ ಹಾಗೆ ಗೆರೆಗಳು ಹರಿದವು.

ಮುಗಿದ ಮೇಲೆ ಅವಳು ಗೆರೆಗಳನ್ನು ಮೊದಲಿನಿಂದ ಸರಿಸುತ್ತಾ ಕೂತಳು, ಶೇಂಗಾ ಬೀಜದಲ್ಲಿ ಕಲ್ಲು ಆರಿಸುವವರಂತೆ. ಇದು ಕಣ್ಣು ಪಿಳುಕಿಸಿದ್ದು, ತೆಗಿ. ಇದು ವೈರು ಅಲುಗಿದ್ದು, ತೆಗಿ. ಡಾಕ್ಟರಿಗೆ ಬರೀ ಮೆದುಳಿನದೇ ಹೋಗಬೇಕಂತೆ. ಅಲ್ಲಲ್ಲಿ ಮಾತ್ರ ಗೆರೆಗಳೆಲ್ಲ ಮುಳ್ಳುಬೇಲಿಯಂತೆ ಕಪ್ಪಗೆ ಎದ್ದಿದ್ದವು. ಹೇಮಾವತಿ ನನ್ನ ತೋಳು ಹಿಡಿದುಕೊಂಡಳು. ಸುಚಿತ್ರಾ ಗಾಬರಿಯಾಗಲಿಲ್ಲ. ಇದು ಮೆದುಳಲ್ಲ, ಹಲ್ಲು ಕಚ್ಚಿದ್ದು ಅಂದಳು. ಬಾಯಲ್ಲಿ ಅಡಿಕೆ ಇತ್ತಾ ಅಂತ ಕೇಳಿದರೆ ಏನೂ ಇರಲಿಲ್ಲ.

"ಮತ್ತೆ ಮಲಗಿದ್ದಾಗ ಏನ್ ಮಾಡ್ತಿದ್ರಿ?"

ದುರ್ಗೇಶ್ ನಾಚಿಕೊಂಡ. "ಗಾಡಿ ಹೊಡೀತಿದ್ದೆ ಮೇಡಂ. ಸುಮ್ನೆ ಮಲಗು ಅಂದ್ರೆ ನಂಗೆ ಅದೊಂದೇ ಬರೋದು."

ರಸ್ತೆಯಲ್ಲಿ ಹಂಪು ಬಂದರೆ ಹಲ್ಲು ಕಚ್ಚುವುದು ಅವನ ಅಭ್ಯಾಸ. ಮೊದಲ ಮುಳ್ಳಿಗೆ ಬೆರಳು ತೋರಿಸಿ ಸ್ಕೂಲ್ ಮುಂದಿನ ಹಂಪು ಅಂದ. ಮುಂದಿನದು ಹಳ್ಳದ ಸೇತುವೆ. ಅದರಾಚೆ ಗೆರೆಗಳು ಬಹಳ ಹೊತ್ತು ತಣ್ಣಗಿದ್ದವು. ಅದೆಲ್ಲಿ ಅಂತ ಹೇಮಾವತಿ ಕೇಳಿದಳು. ಚಂದ್ರಕ್ಕನ ಹೋಟ್ಲು, ಟೀಗೆ ನಿಲ್ಸಿದ್ದೆ ಅಂದ.

"ಅಲ್ಲಿ ಬಾಳ ಹಾಯಾಗಿದ್ದಂಗೈತೆ," ಅಂದಳು ಮಗಳು.

ಹಂಪುಗಳನ್ನೆಲ್ಲ ತೆಗೆದರೆ ಡಾಕ್ಟರಿಗೆ ಸಾಕಾಗುವಷ್ಟು ಉಳಿಯುವುದಿಲ್ಲ ಅಂತ ಸುಚಿತ್ರಾ ಮತ್ತೆ ಮಲಗಿಸಿದಳು. ಮತ್ತೆ ಸ್ಕೂಲು, ಮತ್ತೆ ಸೇತುವೆ. ಗಾಡಿ ತಾನೇ ಹೊರಡುತ್ತದೆ, ನಾನೇನು ಮಾಡಲಿ ಅಂತ ಅವನು ಗೋಳಾಡಿದ. ಹೇಮಾವತಿ ಅವನ ಕಿವಿಯ ಹತ್ತಿರ ಬಗ್ಗಿದಳು.

"ಟೈರ್ ಪಂಕ್ಚರ್ ಆಗೈತೆ. ಸ್ಟೆಪ್ನಿ ಬರೋ ತಂಕ ಹುಣಸೆ ಮರದ ಕೆಳಗೆ ಮಲ್ಕಳ್ರಿ."

ದುರ್ಗೇಶ್ ಉಸಿರು ಬಿಟ್ಟ. ದವಡೆ ಸಡಿಲಾಯಿತು. ಸ್ವಲ್ಪ ಹೊತ್ತಿಗೆ ಗೊರಕೆಯೂ ಬಂತು. ನಿದ್ದೆಯಲ್ಲಿ ಗೆರೆ ಸಿಕ್ಕರೆ ಇನ್ನೂ ಒಳ್ಳೆಯದು ಅಂತ ಸುಚಿತ್ರಾ ಪಿಸುಗುಟ್ಟಿದಳು.

ಆರಿಸಿದ ಗೆರೆಗಳನ್ನು ಡಾಕ್ಟರು ಒಂದೊಂದಾಗಿ ನೋಡಿದರು. ಮೂರ್ಛೆಯ ಗುರುತಿಲ್ಲ, ಉಪವಾಸದ ಹೊಟ್ಟೆಯಲ್ಲಿ ಬಿಸಿಲಿಗೆ ಬಿದ್ದಿದ್ದಾನೆ, ಉಂಡು ಬಸ್ಸು ಹತ್ತಲಿ ಅಂದರು. ಮಾಲೀಕನೂ ಒಪ್ಪಿದ.

ಮರುವಾರ ಮೊದಲ ಟ್ರಿಪ್ಪಿಗೆ ಅಳಿಯನಿಗೆ ರೊಟ್ಟಿ ತಿನ್ನಿಸಿ, ನಾವಿಬ್ಬರೂ ಅವನ ಹಿಂದೆಯೇ ಕೂತೆವು. ಸ್ಕೂಲ್ ಹಂಪಿಗೆ ಅವನ ಕೆನ್ನೆ ಗಟ್ಟಿಯಾಯಿತು, ಸೇತುವೆಗೂ ಆಯಿತು. ಚಂದ್ರಕ್ಕನ ಹೋಟ್ಲು ಹತ್ತಿರ ಬಂದಂತೆ ಗಟ್ಟಿಯಾಗಿದ್ದು ಮಗಳ ಕೆನ್ನೆ. ಬಸ್ಸು ನಿಂತದ್ದೇ ತಾನೂ ಟೀ ಕುಡಿಯಬೇಕು ಅಂತ ಮೊದಲು ಇಳಿದಳು.

ನೋಡಿದರೆ ಚಂದ್ರಕ್ಕ ನನ್ನ ಓರಗೆಯವಳು. ಬೊಚ್ಚು ಬಾಯಿ ಅಗಲಿಸಿ, ಬಾ ಮಗಳೇ ಅಂತ ಕರೆದಳು. ಹೇಮಾವತಿ ಟೀ ಜೊತೆ ಎರಡು ವಡೆಯನ್ನೂ ತಿಂದಳು.