ಚಿಕ್ಕವಳ ದಿಮ್ಮಿ

ಕಾಡವರೆಯ ಬೀಜವನ್ನು ಒರಟು ಕಲ್ಲಿಗೆ ಎಷ್ಟು ಉಜ್ಜಿದರೆ ಮೊಳಕೆ ಬರುತ್ತದೆ, ಎಷ್ಟು ಉಜ್ಜಿದರೆ ಬೀಜವೇ ಹಾಳಾಗುತ್ತದೆ ಎಂಬುದು ಕಡಲ ದಡದ ಆ ಸಸಿತೋಟದಲ್ಲಿ ದೊಡ್ಡವಳಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಉಪ್ಪುಗಾಳಿಗೆ ಹೆದರದ, ಗೊಬ್ಬರ ಕೇಳದ ಬಳ್ಳಿ ಅದು. ಹನ್ನೆರಡು ವರ್ಷದಿಂದ ಅವಳು ಬೆಳೆಸಿದ ಬಳ್ಳಿಗಳೇ ದಡದ ಮರಳು ಹಾರಿಹೋಗದಂತೆ ಹಿಡಿದಿಟ್ಟಿದ್ದವು. ಮೇಲ್ವಿಚಾರಕಿಯ ಕೆಲಸ ತನಗೇ ಎಂದು ಮನೆಯಲ್ಲೂ ಹೇಳಿಯಾಗಿತ್ತು.

ಅಷ್ಟರಲ್ಲಿ ಅವಳ ಮೈದುನನ ಹೆಂಡತಿ, ಮನೆಯ ಚಿಕ್ಕ ಸೊಸೆ, ಅದೇ ತೋಟಕ್ಕೆ ಸೇರಿದಳು. ನಿನ್ನೆ ಮೊನ್ನೆ ಬಂದವಳು! ಮೊದಲ ವರ್ಷವೇ ಅವಳ ಪಾತಿಯಲ್ಲಿ ಕಾಯಿ ಗೊಂಚಲುಗೊಂಚಲಾಗಿ ಬಿಟ್ಟಿತು. ತೋಟದ ಸಾಹೇಬರು ಇಬ್ಬರನ್ನೂ ನಿಲ್ಲಿಸಿಕೊಂಡು, “ಮುಂದಿನ ಸಲ ಯಾರ ಪಾತೀಲಿ ಹೆಚ್ಚು ಬೀಜ ಬರತ್ತೋ ಅವರೇ ಮೇಲ್ವಿಚಾರಕಿ” ಎಂದುಬಿಟ್ಟರು.

ದೊಡ್ಡವಳಿಗೆ ಹೊಟ್ಟೆ ಉರಿಯಿತು. ಸುಳ್ಳೇಕೆ, ಧಗಧಗ ಉರಿಯಿತು. ಊಟದ ಹೊತ್ತಿಗೆ ಅತ್ತೆ, “ಚಿಕ್ಕವಳ ಕೈಗುಣ ನೋಡು” ಎಂದಾಗಲಂತೂ ಅರ್ಧ ಊಟಕ್ಕೇ ಎದ್ದು ಕೈ ತೊಳೆದಳು.

ಏನಿರಬಹುದು ಗುಟ್ಟು? ನೀರು ಒಂದೇ, ಮರಳು ಒಂದೇ, ಬೀಜವಂತೂ ತಾನೇ ಉಜ್ಜಿ ಕೊಟ್ಟದ್ದು. ಬೇರೆಯದೆಂದರೆ ಚಿಕ್ಕವಳ ಪಾತಿಯ ಪಕ್ಕ ಬಿದ್ದಿದ್ದ, ಕಡಲು ತಂದೆಸೆದ ಒಂದು ಒಣ ದಿಮ್ಮಿ. ತೂತುತೂತಾದ ಆ ದರಿದ್ರವನ್ನು ಎತ್ತಿಸು ಎಂದರೆ, “ಇರ್ಲಿ ಬಿಡಿ ಅಕ್ಕ, ಅದರ ಪಾಡಿಗೆ ಅದು ಬಿದ್ದಿರ್ಲಿ” ಅನ್ನುತ್ತಿದ್ದಳು. ಹೂ ಉದುರದಂತೆ ಗಾಳಿಗೆ ಮರೆಯಾಗುತ್ತಿರುವುದೇ ಇದು ಎಂದು ದೊಡ್ಡವಳು ತೀರ್ಮಾನಿಸಿದಳು. ಚಿಕ್ಕವಳು ರಜೆ ಹಾಕಿದ ದಿನ ಕಸದ ಲಾರಿಯವನನ್ನು ಕರೆದು ದಿಮ್ಮಿಯನ್ನು ಸಾಗಹಾಕಿಸಿದಳು. ಆ ದಿನ ಅವಳಿಗೆ ಎರಡು ತುತ್ತು ಹೆಚ್ಚೇ ಸೇರಿತು.

ಹೂವಿನ ಕಾಲ ಬಂತು. ಎರಡೂ ಪಾತಿ ನೇರಳೆ ಬಣ್ಣದಲ್ಲಿ ತುಂಬಿಹೋದವು. ಆದರೆ ಹೂವೆಲ್ಲ ಬಾಡಿ ಉದುರತೊಡಗಿದವು, ಒಂದು ಕಾಯಿಯೂ ಕಚ್ಚಲಿಲ್ಲ. ಚಿಕ್ಕವಳದ್ದಷ್ಟೇ ಅಲ್ಲ, ದೊಡ್ಡವಳದ್ದೂ. ಹನ್ನೆರಡು ವರ್ಷದಲ್ಲಿ ಹೀಗಾದದ್ದೇ ಇಲ್ಲ. ಬೀಜವೇ ಇಲ್ಲದ ಮೇಲೆ ಮೇಲ್ವಿಚಾರಕಿಯ ಕೆಲಸವೂ ಇಲ್ಲ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಬಂದು ನೋಡಿದರೆ ಚಿಕ್ಕವಳು ಮರಳಲ್ಲಿ ಮಂಡಿಯೂರಿ, ಸಣ್ಣ ಬ್ರಷ್‌ನಿಂದ ಹೂ ಹೂವಿಗೂ ಪರಾಗ ಮುಟ್ಟಿಸುತ್ತಿದ್ದಳು. ಅದೂ ದೊಡ್ಡವಳ ಪಾತಿಯಲ್ಲಿ.

“ಏನೇ ಇದು?”

“ದುಂಬಿ ಬರ್ತಿಲ್ವಲ್ಲ ಅಕ್ಕ. ಈ ಹೂ ಬಿಡಿಸಿ ಒಳಗೆ ಹೋಗೋಕೆ ಆ ದಪ್ಪ ಕಪ್ಪು ದುಂಬೀನೇ ಬೇಕು. ಅವು ಗೂಡು ಮಾಡ್ಕೊಂಡಿದ್ದು ಆ ದಿಮ್ಮೀಲಿ. ನನ್ನ ಪಾತಿ ಹತ್ರ ಅಂತ ನಂಗೆ ಜಾಸ್ತಿ ಕಾಯಿ ಆಗಿತ್ತು, ಅಷ್ಟೇ.”

ದೊಡ್ಡವಳು ದಿಮ್ಮಿಯಿದ್ದ ಜಾಗದತ್ತ ನೋಡಿದಳು. “ದಿಮ್ಮಿ… ನಾನೇ ಕಳಿಸಿದ್ದು.”

“ಗೊತ್ತು. ಲಾರಿಯವನು ಅವತ್ತೇ ಫೋನ್ ಮಾಡಿದ್ದ, ಅಷ್ಟ್ರಲ್ಲಿ ಅದನ್ನ ಸೌದೆಗೆ ಒಡೆದಾಗಿತ್ತಂತೆ.”

“ಗೊತ್ತಿದ್ದೂ ನನ್ನ ಪಾತೀಗೆ ಮೊದ್ಲು ಮಾಡ್ತಿದ್ದೀಯಾ?”

“ನೀವು ಉಜ್ಜಿ ಕೊಡದಿದ್ರೆ ನನ್ನ ಒಂದು ಬೀಜಾನೂ ಮೊಳಕೆ ಒಡೀತಿರ್ಲಿಲ್ಲ. ಇನ್ನೊಂದು ಬ್ರಷ್ ಬುಟ್ಟೀಲಿದೆ ನೋಡಿ. ಬಿಸಿಲೇರಿದ್ರೆ ಹೂ ಬಾಡತ್ತೆ.”

ದೊಡ್ಡವಳು ಬ್ರಷ್ ತೆಗೆದುಕೊಂಡು ನೇರ ಚಿಕ್ಕವಳ ಪಾತಿಗೆ ಹೋಗಿ ಕೂತಳು. ಒಂದು ಹೂವನ್ನೂ ಬಿಡದೆ ಮುಟ್ಟಿಸುತ್ತಾ ಹೋದಳು. ಕೆಲಸದ ಆಸೆ ಎಲ್ಲೋ ಹೋಗಿತ್ತು. ಆದರೆ ಹೊಟ್ಟೆಯುರಿ ಹೋಗಲಿಲ್ಲ. ಇಷ್ಟು ದಿನ ಗೊತ್ತಿದ್ದೂ ಒಂದು ಮಾತು ಆಡದೆ, ಅದೇ ಒಲೆಯ ಮುಂದೆ ತನ್ನ ಜೊತೆ ಅಡುಗೆ ಮಾಡಿಕೊಂಡಿದ್ದಳಲ್ಲ ಇವಳು! ಅಂಥ ದೊಡ್ಡ ಮನಸ್ಸು ತನಗೆ ಈ ಜನ್ಮದಲ್ಲಿ ಬರುವುದಿಲ್ಲ ಎಂದು ದೊಡ್ಡವಳಿಗೆ ಗೊತ್ತಿತ್ತು.